ಹಿಂದಕ್ಕೆ ಪಡೆದ ಸಾಕ್ಷಿ

ಶಹಾಡ್
6 ಅಕ್ಟೋಬರ್ 2024, ಭಾನುವಾರ

ನನ್ನ ಮಗಳು ಕಾಂಚನಾಗೆ ಕರ್ತನ ಕೃಪೆಯೂ ನಿಮ್ಮಪ್ಪನ ಬೈಗುಳವೂ ಸಮಪಾಲಾಗಿ ಸಿಗಲಿ.

ನೀನು ಸೋದರತ್ತೆಯ ಮನೆ ಸೇರಿ ಇವತ್ತಿಗೆ ಏಳು ವಾರ. ಶಹಾಡಿನಲ್ಲಿ ಲೋಕಲ್ ರೈಲು ಹತ್ತಿ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿದರೆ ಸಾನಪಾಡಾ ಎರಡು ಗಂಟೆಯ ದಾರಿ. ಅದೇ ದಾರಿಗೆ ಈ ಕಾಗದ ನಾಲ್ಕು ದಿನ ತೆಗೆದುಕೊಳ್ಳುತ್ತದಂತೆ. ಫೋನ್ ಮಾಡೋಣವೆಂದರೆ ನಿನ್ನದು ಬಂದ್. ನನ್ನ ತಂಗಿಯನ್ನು ಕೇಳಿದರೆ, "ಅಣ್ಣಾ, ಫೋನಿನ ಸಪ್ಪಳ ಕೇಳಿದ್ರ ಹುಡುಗಿ ಕೈಕಾಲು ನಡುಗತಾವ. ಏನರೆ ಹೇಳೋದಿದ್ರ ಬರ್ದು ಹಾಕು" ಎಂದಳು. ಮೂವತ್ತು ವರ್ಷ ಗೋದಾಮಿನಲ್ಲಿ ಮೂಟೆ ಹೊತ್ತ ಕೈ ಇದು. ಅಕ್ಷರ ನೋಡಿ ನಗಬೇಡ.

ವಿಷಯಕ್ಕೆ ಬರುತ್ತೇನೆ. ಡಿಸೆಂಬರಿನಲ್ಲಿ ಕಲ್ಯಾಣ್‌ನಲ್ಲಿ ದೊಡ್ಡ ಕೂಟವಿದೆ. ಡೊಂಬಿವ್ಲಿ, ಠಾಣೆ, ನವಿ ಮುಂಬಯಿ, ಎಲ್ಲ ಕಡೆಯ ಕನ್ನಡ ಸಭೆಗಳು ಸೇರುತ್ತವೆ. ನಿನ್ನ ಸಾಕ್ಷಿ ಇರಲೇಬೇಕೆಂದು ಪಾಸ್ಟರ್ ಅಯ್ಯನವರೇ ಹೇಳಿದ್ದಾರೆ. ಜುಲೈನಲ್ಲಿ ನಮ್ಮ ಸಭೆಯ ಮುಂದೆ ನಿಂತು ಹೇಳಿದೆಯಲ್ಲ, ಬಣ್ಣದ ಕಾರ್ಖಾನೆ ಸಿಡಿಯುವ ಹೊತ್ತಿಗೆ ಪವಿತ್ರಾತ್ಮನ ಪ್ರೇರಣೆಯಾಗಿ ಅಪ್ಪ ಫೋನ್ ಮಾಡಿದ, ನಾನು ಗೇಟಿಗೆ ಬಂದೆ, ಜೀವ ಉಳಿಯಿತು ಎಂದು. ಅಷ್ಟನ್ನೇ ಹೇಳಿದರೆ ಸಾಕು. ಆಮೇಲೆ ಬೇಕಿದ್ದರೆ ಅತ್ತೆಯ ಮನೆಗೆ ಹೋಗು.

ಇನ್ನೊಂದು ಮಾತು. ನೀನು ಖಾರಘರದಲ್ಲಿ ಯಾರೋ ತಲೆ ಡಾಕ್ಟರ ಹತ್ತಿರ ಹೋಗುತ್ತೀ ಎಂದು ಕೇಳಿದೆ. ಬಿಟ್ಟುಬಿಡು. ಪ್ರಾರ್ಥನೆಯಲ್ಲಿ ಆಗದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮಾತಾಡಿದರೆ ಆಗುತ್ತದೆಯೇ?

ನಿಮ್ಮವ್ವ ಚಂದ್ರಬಾಯಿ ಆರಾಮ ಇದ್ದಾಳೆ. ನಮ್ಮ ಸಭೆಯ ಚಂದವ್ವ ತಂಗಿ ಮಾತ್ರ ಆರಾಧನೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಪಾಪ, ಅದೇ ಸ್ಫೋಟದಲ್ಲಿ ದಾನೇಶ್ವರಿಯಂಥ ಮಗಳನ್ನು ಕಳೆದುಕೊಂಡ ತಾಯಿ. ಮನೆಗೆ ಹೋದರೆ ಬಾಗಿಲೂ ತೆಗೆಯುವುದಿಲ್ಲ. ಯಾಕೆಂದು ನನಗೆ ತಿಳಿಯದು.

ನಿನ್ನಪ್ಪ,
ಶಂಕ್ರೆಪ್ಪ, ಸಭೆಯ ಹಿರಿಯ


ಸಾನಪಾಡಾ
2 ನವೆಂಬರ್ 2024

ಅಪ್ಪಾ,

ಬೈಗುಳ ಪೂರ್ತಿ ಮುಟ್ಟಿತು. ಕೃಪೆ ಠಾಣೆಯಲ್ಲಿ ಗಾಡಿ ಬದಲಿಸುವಾಗ ಇಳಿದುಕೊಂಡಿರಬೇಕು.

ನಾನು ಡಿಸೆಂಬರಿಗೆ ಬರುವುದಿಲ್ಲ. ಇದನ್ನು ಬರೆಯಲು ನಾಲ್ಕು ವಾರ ಬೇಕಾಯಿತು, ಹಾಗಾಗಿ ಇದು ಸಿಟ್ಟಿನ ಮಾತಲ್ಲ ಎಂದು ನಂಬು.

ಖಾರಘರದವರು ತಲೆ ಡಾಕ್ಟರಲ್ಲ, ಮನಸ್ಸಿನ ಚಿಕಿತ್ಸೆ ಮಾಡುವವರು. ಹೆಸರು ಪ್ರಣೀತಾ ಮೇಡಂ. ಉಡುಪಿ ಕಡೆಯವರು, ಮನೆಯಲ್ಲಿ ತುಳು, ನನ್ನೊಂದಿಗೆ ಪುಸ್ತಕ ಓದಿದಂಥ ಕನ್ನಡ. ಅತ್ತೆ ಆಯಾ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಯಾರೋ ಅವರ ವಿಳಾಸ ಕೊಟ್ಟರು. ಪ್ರತಿ ಗುರುವಾರ ಹೋಗುತ್ತೇನೆ. ಮೊದಲ ದಿನ, "ಫೋನ್ ರಿಂಗಾದ್ರೆ ನಿಮಗೆ ಎಂತ ಆಗ್ತದೆ?" ಎಂದು ಕೇಳಿದರು. ಸುಟ್ಟ ಬಣ್ಣದ ವಾಸನೆ ಬರುತ್ತದೆ, ಕಿವಿ ಮುಚ್ಚಿಹೋಗುತ್ತದೆ, ನಿಂತಲ್ಲೇ ಕುಸಿಯುತ್ತೇನೆ ಎಂದೆ. ನನ್ನ ವಿಶ್ವಾಸ ಕಡಿಮೆಯಾಗಿದ್ದಕ್ಕೆ ಹೀಗೆ ಎಂದೂ ಹೇಳಿದೆ, ನಮ್ಮ ಸಭೆಯಲ್ಲಿ ಎಲ್ಲರೂ ಹಾಗೇ ಹೇಳಿದ್ದರಲ್ಲ. ಅದಕ್ಕೆ ಅವರು, "ಕಾಲು ಮುರಿದವರಿಗೆ ವಿಶ್ವಾಸ ಕಡಿಮೆ ಅಂತ ಯಾರೂ ಹೇಳುದಿಲ್ಲ ಅಲ್ವಾ ಮಾರಾಯ್ತಿ?" ಎಂದರು. ಅವತ್ತು ಬಹಳ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ಚಂದವ್ವ ಕಾಕು ಯಾಕೆ ಬರುವುದಿಲ್ಲ ಎಂದು ನಿನಗೆ ತಿಳಿಯದು ಎಂದೆ. ನಾನು ಹೇಳುತ್ತೇನೆ. ಮಗಳನ್ನು ಮಣ್ಣು ಮಾಡಿ ಇನ್ನೂ ಮೂರು ವಾರವಾಗಿರಲಿಲ್ಲ. ಆಕೆ ಅವ್ವನ ಪಕ್ಕದಲ್ಲೇ ಕೂತಿದ್ದಳು. ನೀನು ಎದ್ದು, ನನ್ನ ಮಗಳು ಸಾಕ್ಷಿ ಹೇಳುತ್ತಾಳೆ ಎಂದು ಘೋಷಿಸಿದೆ. ನೀನು ಬರೆದುಕೊಟ್ಟದ್ದನ್ನು ನಾನು ಓದಿದೆ. ದೇವರು ನನ್ನನ್ನು ಆರಿಸಿ ಉಳಿಸಿದ ಎಂದೆ. ಎಲ್ಲರೂ ಹಲ್ಲೆಲೂಯ ಎಂದರು. ಕಾಕು ಎದ್ದು ಬರಿಗಾಲಲ್ಲೇ ಹೊರಗೆ ಹೋದಳು. ಆಕೆಯ ಚಪ್ಪಲಿ ಸಭೆ ನಡೆಯುವ ಹಾಲ್‌ನ ಬಾಗಿಲಲ್ಲೇ ಉಳಿದವು, ಅವ್ವ ಮನೆಗೆ ತಂದಿಟ್ಟಳು.

ಆ ಸಾಕ್ಷಿಯಲ್ಲಿ ಎಷ್ಟು ಖರೆ, ಎಷ್ಟು ಸುಳ್ಳು ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಕಾಂಚನಾ


ಶಹಾಡ್
10 ನವೆಂಬರ್ 2024

ಕಾಂಚನಾ,

ಯಾವುದು ಸುಳ್ಳು? ನಾನು ಫೋನ್ ಮಾಡಲಿಲ್ಲವೇ? ನೀನು ಗೇಟಿಗೆ ಬರಲಿಲ್ಲವೇ? ಬದುಕಿ ಕೂತು ನನಗೇ ಕಾಗದ ಬರೆಯುತ್ತಿಲ್ಲವೇ? ತಂದೆಯನ್ನು ಸುಳ್ಳ ಎನ್ನಲು ಆ ಉಡುಪಿಯ ಮೇಡಂಬಾಯಿ ಹೇಳಿಕೊಟ್ಟಳೇನು? ಹನ್ನೊಂದು ವರ್ಷದಿಂದ ಸಭೆಯ ಹಿರಿಯನಾಗಿದ್ದೇನೆ, ಇಂಥ ಮಾತು ಯಾರಿಂದಲೂ ಕೇಳಿರಲಿಲ್ಲ.

ಡಿಸೆಂಬರ್ ಕೂಟಕ್ಕೆ ನಿನಗೆ ಮೈ ಹುಷಾರಿಲ್ಲ ಎಂದು ಹೇಳುತ್ತೇನೆ.

ಶಂಕ್ರೆಪ್ಪ


ಸಾನಪಾಡಾ
12 ಜನವರಿ 2025

ಅಪ್ಪಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿನ್ನನ್ನು ಸುಳ್ಳ ಎಂದಿರಲೇ ಇಲ್ಲ.

ಕ್ರಿಸ್‌ಮಸ್ಸಿಗೆ ಅವ್ವ ಕಳಿಸಿದ ಕರ್ಜಿಕಾಯಿ ಮುಟ್ಟಿದವು. ನೀನು ಒಂದು ಸಾಲೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಇವತ್ತು ಎಲ್ಲವನ್ನೂ ಬರೆಯುತ್ತೇನೆ, ಕೂತು ಓದು.

ಇಲ್ಲಿ ಪ್ರಣೀತಾ ಮೇಡಂ ಆ ದಿನವನ್ನು ಮೊದಲಿನಿಂದ ಕೊನೆಯವರೆಗೆ ನನ್ನಿಂದ ಹೇಳಿಸುತ್ತಾರೆ. ಮೊದಮೊದಲು ಅರ್ಧಕ್ಕೆ ಓಡಿಹೋಗುತ್ತಿದ್ದೆ. ಆಗ ಎರಡೂ ಕಾಲು ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಬೇಕು. ಫ್ಯಾನು, ಕ್ಯಾಲೆಂಡರು, ನೀರಿನ ಬಾಟಲಿ, ಹೀಗೆ. ಹೇಳುತ್ತಾ ಹೇಳುತ್ತಾ ಮನಸ್ಸು ಜುಲೈ ತಿಂಗಳಿಂದ ವಾಪಸು ಬರುತ್ತದೆ. ಈಗ ಪೂರ್ತಿ ಹೇಳಬಲ್ಲೆ. ಅದಕ್ಕೇ ನಿನಗೂ ಹೇಳುತ್ತಿದ್ದೇನೆ.

ಮಂಗಳವಾರ, ಹೊತ್ತು ಹನ್ನೊಂದರ ಹತ್ತಿರ. ನಮ್ಮ ಸಾಲಿನಲ್ಲಿ ಆರು ಹೆಣ್ಣುಮಕ್ಕಳು ಬಣ್ಣದ ಪುಡಿಯ ಚೀಲ ತೂಗಿ ಬಾಯಿ ಹೊಲಿಯುವವರು. ಫೋನ್ ಒಳಗೆ ಒಯ್ಯುವಂತಿಲ್ಲ, ಗೇಟಿನಲ್ಲಿ ವಾಚ್‌ಮನ್ ಭಯ್ಯಾನ ಟ್ರೇಯಲ್ಲಿ ಇಡಬೇಕು. ರಿಂಗ್ ಬಡಿದರೆ ಆತ ಹೆಸರು ಹಿಡಿದು ಕೂಗುತ್ತಾನೆ. ಮಶಿನ್ ನಿಲ್ಲಬಾರದೆಂದು, ಹೋಗುವವಳು ಪಕ್ಕದವಳಿಗೆ "ಜಾಗ ಹಿಡಿ" ಎಂದು ಹೇಳಿ ಹೋಗುವುದು ನಮ್ಮ ರೂಢಿ. ನನ್ನ ಜಾಗ ಪುಡಿ ಒಣಗಿಸುವ ಡ್ರೈಯರಿನ ಗೋಡೆಗೆ ಹತ್ತಿಕೊಂಡು. ದಾನೇಶ್ವರಿಯದು ಬಾಗಿಲ ಕಡೆ.

"ಕಾಂಚನಾ, ಫೋನ್ ಆಯಾ!" ಎಂದು ಭಯ್ಯಾ ಕೂಗಿದ. ನಾನು ದಾನಿಗೆ, "ಜಾಗ ಹಿಡಿ, ಅಪ್ಪಂದು ಇರಬೇಕು, ಎರಡು ಮಿನಿಟ್" ಎಂದೆ. ಆಕೆ, "ನಿಮ್ಮಪ್ಪ ಎರಡು ಮಿನಿಟಿನ್ಯಾಗ ಆಮೆನ್ ಸುದ್ದಾ ಅನ್ನಂಗಿಲ್ಲ, ಹೋಗು" ಎಂದು ನಕ್ಕಳು. ಅದೇ ಕೊನೆಯ ಮಾತು.

ಫೋನಿನಲ್ಲಿ ನೀನು ಕೇಳಿದ್ದು ಏನು, ನೆನಪಿದೆಯೇ ಅಪ್ಪಾ? "ಕಾಂಚು, ನನ್ನ ಚಷ್ಮಾ ಎಲ್ಲಿಟ್ಟೀ?" ಕಪಾಟಿನ ಮೇಲೆ ನೋಡು ಎಂದೆ. ಅಲ್ಲಿಲ್ಲ ಎಂದೆ ನೀನು. ಇದೆ, ಇಲ್ಲ ಎಂದು ನಾವಿಬ್ಬರೂ ಜಗಳಾಡುತ್ತಿದ್ದಾಗ ಡ್ರೈಯರ್ ಸಿಡಿಯಿತು. ಬಾಗಿಲ ಕಡೆಯಿದ್ದ ನಾಲ್ವರು ಸುಟ್ಟಗಾಯಗಳಲ್ಲಿ ಪಾರಾದರು. ನನ್ನ ಜಾಗದಲ್ಲಿದ್ದವಳು ಪಾರಾಗಲಿಲ್ಲ.

ಆಮೇಲೆ ಟ್ರೇಯಲ್ಲಿ ದಾನಿಯ ಫೋನ್ ಬಡಿಯತೊಡಗಿತು. "ಅವ್ವ" ಎಂದು ಹೆಸರು ಬರುತ್ತಿತ್ತು. ಸ್ಫೋಟದ ಸದ್ದು ಶಹಾಡಿಗೆಲ್ಲ ಕೇಳಿತ್ತಲ್ಲ. ನಾನು ಅದನ್ನು ಕೈಯಲ್ಲಿ ಹಿಡಿದು ನಿಂತೆ. ನಿಂತು ನಿಂತು ಬಡಿಯಿತು. ನಾನು ಎತ್ತಲಿಲ್ಲ. ಎತ್ತಿ ಏನು ಹೇಳಲಿ?

ಇದು ನನ್ನ ಸಾಕ್ಷಿ. ಇದರಲ್ಲಿ ಆತ್ಮನ ಪ್ರೇರಣೆ ಎಲ್ಲಿಂದ ಬಂತು?

ಪ್ರಾರ್ಥನೆಯನ್ನು ಬಿಟ್ಟಿದ್ದೆ. ಹೋದ ವಾರ ಟೆರೇಸಿನಲ್ಲಿ ಬಟ್ಟೆ ಒಣಗಹಾಕುತ್ತಾ ದೇವರಿಗೆ ಬೈದೆ. ಬಾಯಿಬಿಟ್ಟು, ಹೆಸರು ಹಿಡಿದು, ಅತ್ತೆಯ ಸೀರೆಗಳ ನಡುವೆ ನಿಂತು ಬೈದೆ. ಬೈದು ಮುಗಿಸಿದ ಮೇಲೆ ಗೊತ್ತಾಯಿತು, ಆರು ತಿಂಗಳಲ್ಲಿ ನಾನು ಮಾಡಿದ ಮೊದಲನೆಯ ಪ್ರಾರ್ಥನೆ ಅದು. ಆತ ಸಿಟ್ಟಾಗಲಿಲ್ಲ. ಕೇಳಿಸಿಕೊಂಡ ಎಂದು ನನಗೆ ಖಾತ್ರಿ.

ನಾನು ಚಂದವ್ವ ಕಾಕುವಿನ ಹತ್ತಿರ ಹೋಗಿ ಎಲ್ಲವನ್ನೂ ಹೇಳಬೇಕು. ಹೇಳದೆ ನಾನು ಸರಿಹೋಗುವುದಿಲ್ಲ. ಆದರೆ ಹೇಳಿದರೆ ನಿನ್ನ ಮಾತೂ ಬಯಲಾಗುತ್ತದೆ. ಅದಕ್ಕೇ ಮೊದಲು ನಿನಗೆ ಬರೆಯುತ್ತಿದ್ದೇನೆ.

ಕಾಂಚನಾ


ಶಹಾಡ್
16 ಫೆಬ್ರವರಿ 2025

ಕಾಂಚು,

ಐದು ವಾರ ಬರೆಯಲಿಲ್ಲ. ನಿನ್ನ ಕಾಗದವನ್ನು ನಿಮ್ಮವ್ವನಿಗೂ ತೋರಿಸದೆ ಬನಿಯನ್ನಿನ ಒಳಗೆ ಇಟ್ಟುಕೊಂಡು ಓಡಾಡಿದೆ.

ಹೋದ ಮಂಗಳವಾರ ಖಾರಘರಕ್ಕೆ ಹೋಗಿದ್ದೆ. ಹೌದು, ಆ ನಿನ್ನ ಮೇಡಮ್ಮಿಗೆ ನಾಲ್ಕು ಮಾತು ಕೇಳಿ ಬರೋಣ ಎಂದೇ ಹೋದೆ. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಆಕೆ ನಿನಗಿಂತ ಐದಾರು ವರ್ಷ ದೊಡ್ಡವಳಿರಬಹುದು. ನಾನು ಬಾಯಿ ತೆರೆಯುವ ಮೊದಲೇ, "ಕಾಂಚನಾ ನನ್ನ ಹತ್ರ ಹೇಳಿದ್ದು ನಾನು ಯಾರಿಗೂ ಹೇಳುವ ಹಾಗಿಲ್ಲ, ನಿಮಗೂ ಇಲ್ಲ. ನಿಮಗೆ ಎಂತಾದ್ರೂ ಹೇಳ್ಲಿಕ್ಕುಂಟಾ?" ಎಂದಳು. ನಾನು ತಯಾರು ಮಾಡಿಕೊಂಡು ಹೋದ ಬೈಗುಳ ಒಂದೂ ಬರಲಿಲ್ಲ. "ನಾ ಫೋನ್ ಮಾಡಿದ್ದು ಚಷ್ಮಾ ಕೇಳ್ಲಾಕ್ರೀ" ಎಂದೆ. ಅಷ್ಟೇ. ಆಮೇಲೆ ಅಳು ಬಂತು. ಅವರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮುಕ್ಕಾಲು ಗಂಟೆ ಅತ್ತೆ. ಆಕೆ ಎರಡು ಸಲ ನೀರು ತಂದುಕೊಟ್ಟಳು. ನಾನು ಪ್ರಾರ್ಥನೆಯಲ್ಲಿ ಅಷ್ಟು ಅತ್ತವನಲ್ಲ, ಯಾಕೆಂದರೆ ಅಲ್ಲಿ ನಾಲ್ಕು ಜನ ನೋಡುತ್ತಿರುತ್ತಾರೆ.

ಸ್ಫೋಟದ ಮಾರನೆಯ ದಿನ ಮನೆ ತುಂಬ ಜನ ಬಂದಿದ್ದರು. ಹೇಗೆ ಉಳಿದಳು ಎಂದು ಕೇಳಿದರು. ಇಷ್ಟು ದೊಡ್ಡ ಉಪಕಾರಕ್ಕೆ ಅಷ್ಟು ಸಣ್ಣ ಕಾರಣ ಹೇಳಲು ನನಗೆ ನಾಚಿಕೆಯಾಯಿತು. ದೇವರ ಮರ್ಯಾದೆಗೆ ಕಡಿಮೆಯಾಗುತ್ತದೇನೋ ಅನ್ನಿಸಿ, "ಆತ್ಮ ನುಡಿಸ್ತು, ಫೋನ್ ಮಾಡಿದೆ" ಎಂದುಬಿಟ್ಟೆ. ಜನ ಕಣ್ಣೀರು ಹಾಕಿದರು. ಒಂದು ಸಲ ಹೇಳಿದ್ದು ನೂರು ಸಲವಾಯಿತು. ಹೇಳಿ ಹೇಳಿ ನನಗೂ ಅದೇ ಖರೆ ಅನ್ನಿಸತೊಡಗಿತ್ತು. ಆ ಸುಳ್ಳನ್ನು ನಿನ್ನ ಬಾಯಿಂದಲೂ ಹೇಳಿಸಿದೆನಲ್ಲ, ಅದಕ್ಕೆ ನನ್ನನ್ನು ಕ್ಷಮಿಸು ಮಗಳೇ. ಅಪ್ಪ ಮಗಳಿಗೆ ಹೀಗೆ ಬರೆಯುವುದು ನಮ್ಮಲ್ಲಿ ಇಲ್ಲ, ಆದರೂ ಬರೆದೆ.

ಚಂದವ್ವನ ಹತ್ತಿರ ಹೋಗು. ದಾನೇಶ್ವರಿ ನಿನ್ನ ಜಾಗ ಹಿಡಿದದ್ದನ್ನು ಹೇಳು. ಚಷ್ಮಾದ ಮಾತೊಂದನ್ನು ಮಾತ್ರ ಬಿಟ್ಟುಬಿಡು. ಅಷ್ಟು ಉಳಿಸಿಕೊಡು. ಈ ಊರಲ್ಲಿ ಮೂಟೆ ಹೊರುವವನಿಗೆ ಇರುವ ಮರ್ಯಾದೆ ಎಷ್ಟೆಂದು ನಿನಗೆ ಗೊತ್ತು. ಸಭೆಯಲ್ಲಿ ಮಾತ್ರ ನನ್ನನ್ನು ಹಿರಿಯರೇ ಎನ್ನುತ್ತಾರೆ.

ಶುಭ ಶುಕ್ರವಾರಕ್ಕೆ ಹಂಚಿಕೆ ನಡೆದಿದೆ. ಶಿಲುಬೆಯ ಮೇಲೆ ಕರ್ತ ಆಡಿದ ಏಳು ಮಾತುಗಳನ್ನು ಏಳು ಜನ ಎದ್ದು ವಿವರಿಸುವುದು ನೀನು ಚಿಕ್ಕಂದಿನಿಂದ ನೋಡಿದ್ದೇ. ಎಲ್ಲ ಮುಗಿಯಿತು ಎಂಬ ಆರನೆಯ ಜಯದ ಮಾತು ಎಂದಿನಂತೆ ನನ್ನದು. ತಾಯಿಗೆ ಇನ್ನೊಬ್ಬ ಮಗನನ್ನು ಒಪ್ಪಿಸುವ ಮೂರನೆಯ ಮಾತನ್ನು ನಿನಗೆ ಎಂದು ಕೇಳಿಟ್ಟಿದ್ದೇನೆ. ಚಂದವ್ವನಿಗೂ ಸಮಾಧಾನವಾದೀತು.

ನಿನ್ನಪ್ಪ


ಸಾನಪಾಡಾ
9 ಮಾರ್ಚ್ 2025

ಅಪ್ಪಾ,

ನಿನ್ನ ಕ್ಷಮೆಯ ಸಾಲನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ. ಆಕೆ, "ನಮ್ಮಣ್ಣ ಬರ್ದಾನಾ? ತೋರ್ಸು" ಎಂದು ಕಿತ್ತುಕೊಂಡು ನೋಡಿದಳು. ನಾನು ಕ್ಷಮಿಸಿದ್ದೇನೆ. ಬಹಳ ಹಿಂದೆಯೇ ಕ್ಷಮಿಸಬೇಕೆಂದಿದ್ದೆ, ನೀನು ಕೇಳಲಿ ಎಂದು ಕಾಯುತ್ತಿದ್ದೆ.

ನಿನ್ನೆ ಶಹಾಡಿಗೆ ಬಂದಿದ್ದೆ. ನೀನು ಗೋದಾಮಿನಲ್ಲಿದ್ದ ಹೊತ್ತು ನೋಡಿಯೇ ಬಂದೆ. ಗಾಡಿಯಲ್ಲಿ ಎಲ್ಲರ ಕೈಯಲ್ಲೂ ಫೋನು. ಠಾಣೆಯವರೆಗೆ ಒಂಬತ್ತು ಸಲ ಬಡಿದವು. ಎರಡು ಸಲ ಕಂಬ ಹಿಡಿದು, ಐದು ವಸ್ತುಗಳ ಹೆಸರು ಹೇಳಿ, "ಕರ್ತನೇ, ಇಳಿಯಬೇಡ, ಜೊತೆಗಿರು" ಎಂದೆ. ಆತ ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ಅತ್ತೆ ಫೋನಿನಲ್ಲಿ ತಿಳಿಸಿದ್ದರಿಂದ ಅವ್ವ ಸ್ಟೇಷನ್ನಿಗೆ ಬಂದಿದ್ದಳು. ಏನೂ ಕೇಳದೆ ಕಾಕುವಿನ ಚಪ್ಪಲಿಯ ಚೀಲ ಕೈಗಿತ್ತು ಹೋದಳು.

ಚಂದವ್ವ ಕಾಕು ಬಾಗಿಲು ತೆಗೆದಳು. ಚಪ್ಪಲಿ ಕೆಳಗಿಟ್ಟೆ. ಕೂರು ಎನ್ನಲಿಲ್ಲ. ನಿಂತೇ ಹೇಳಿದೆ. ನನ್ನ ಜಾಗ, ದಾನಿ ನಕ್ಕಿದ್ದು, ನಾನು ಎತ್ತದೆ ನಿಂತ ಫೋನು, ಎಲ್ಲವನ್ನೂ. ಹೊಡೆಯುತ್ತಾಳೆ ಎಂದುಕೊಂಡೆ. ಆಕೆ, "ಜಾಗ ಹಿಡಿಯೋದು ನಂಗೇನ್ ಹೊಸದು?" ಎಂದಳು. "ದಿನಾ ಹನ್ನೊಂದಕ್ಕ ನಾ ಅಕಿಗಿ ಫೋನ್ ಹಚ್ತಿದ್ದೆ. ಅಕಿ ಗೇಟಿಗಿ ಬಂದಾಗ ಅಕಿ ಜಾಗ ಹಿಡೀತಿದ್ದವಳು ನೀನು. ಅವತ್ತ ಮುಂಜಾನಿ ಮದುವಿ ಮಾತಿಗಿ ಜಗಳಾಡಿದ್ವಿ. ಸಿಟ್ಟಿನ್ಯಾಗ ನಾ ಹಚ್ಲಿಲ್ಲ. ಹಚ್ಚಿದ್ರ ಗೇಟಿನ್ಯಾಗ ಅಕಿ ಇರ್ತಿದ್ದಳು."

ಅಪ್ಪಾ, ಎಂಟು ತಿಂಗಳು ಈಕೆ ಇದನ್ನು ಒಬ್ಬಳೇ ಹೊತ್ತಿದ್ದಾಳೆ. ನಾನು ನನ್ನದನ್ನು, ನೀನು ನಿನ್ನದನ್ನು. ಮೂವರೂ ಒಂದೇ ಊರಿನವರು, ಒಂದೇ ಸಭೆಯವರು.

ನಿನ್ನ ಮರ್ಯಾದೆ ಉಳಿಸಬೇಕೆಂದೇ ಹೋಗಿದ್ದೆ, ನಂಬು. ಆದರೆ ಆಕೆ ನನ್ನ ತೋಳು ಹಿಡಿದು ಕೇಳಿದಳು: "ಒಂದ್ ಮಾತು ಹೇಳು. ದೇವ್ರಿಗಿ ಶಂಕ್ರೆಪ್ಪನ ನಂಬರ್ ಗೊತ್ತಿತ್ತು, ನನ್ನ ನಂಬರ್ ಗೊತ್ತಿರ್ಲಿಲ್ಲೇನು? ನಂಗ್ಯಾಕ ನುಡಿಸ್ಲಿಲ್ಲ? ನಾ ಏನ್ ಪಾಪ ಮಾಡಿದ್ದೆ?" ಇದಕ್ಕೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಆತ್ಮ ಯಾರಿಗೂ ಏನೂ ನುಡಿಸಲಿಲ್ಲ ಕಾಕು, ಅಪ್ಪ ಚಷ್ಮಾ ಹುಡುಕುತ್ತಿದ್ದ ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ಚಷ್ಮಾ?" ಎಂದಳು. ಆಮೇಲೆ ನಕ್ಕಳು ಅಪ್ಪಾ. ನಗುತ್ತಲೇ ನೆಲಕ್ಕೆ ಕೂತಳು, ಕೂತು ಬೋರಾಡಿ ಅತ್ತಳು. ನಾನೂ ಪಕ್ಕದಲ್ಲಿ ಕೂತೆ. "ಹಂಗಾದ್ರ ಆತ ನನ್ನ ಬಿಟ್ಟು ನಿಮ್ಮನ್ನ ಆರಿಸ್ಲಿಲ್ಲ" ಎಂದು ಮತ್ತೆ ಮತ್ತೆ ಹೇಳಿದಳು. ಹೊತ್ತು ಇಳಿಯುವವರೆಗೆ ಇಬ್ಬರೂ ದಾನಿಯ ಮಾತಾಡಿದೆವು. ಸಜ್ಜಿ ರೊಟ್ಟಿ ಬಡಿದು ಹಾಕಿದಳು.

ಹೊರಡುವಾಗ ಒಂದು ಮಾತು ಹೇಳಿದಳು. ಅದನ್ನು ಹಾಗೆಯೇ ಮುಟ್ಟಿಸುತ್ತೇನೆ. "ನಿಮ್ಮಪ್ಪ ಸಭಾದಾಗ ಹೇಳ್ಯಾನ, ಸಭಾದಾಗೇ ವಾಪಸ್ ತಗೊಳ್ಳಲಿ. ಅವತ್ತ ನಾ ಬರ್ತೀನಿ."

ಮೂರನೆಯ ಮಾತು ನನಗೆ ಬೇಡ. ನಾನು ದಾನಿಗೆ ಬದಲಿಯಲ್ಲ, ಕಾಕುವಿಗೂ ಅದು ಬೇಕಿಲ್ಲ. ದೇವರೇ ಯಾಕೆ ಕೈಬಿಟ್ಟೆ ಎಂದು ಆತ ಕೂಗಿ ಕೇಳಿದ ನಾಲ್ಕನೆಯದನ್ನು ಕೊಟ್ಟರೆ ಬರುತ್ತೇನೆ. ಅದು ನನಗೆ ಬಾಯಿಪಾಠ. ಆದರೆ ನೀನು ಎದ್ದು ಹೇಳದ ಸಭೆಯಲ್ಲಿ ನಾನು ಎದ್ದು ನಿಲ್ಲುವುದಿಲ್ಲ.

ಕಾಂಚನಾ


ಶಹಾಡ್
23 ಮಾರ್ಚ್ 2025

ಕಾಂಚು,

ಪಾಸ್ಟರ್ ಅಯ್ಯನವರ ಮನೆಗೆ ಮೂರು ಸಲ ಹೋಗಿ ಚಹಾ ಕುಡಿದು ವಾಪಸು ಬಂದೆ. ನಾಲ್ಕನೆಯ ಸಲ ಹೇಳಿದೆ. ಅವರು, ಹಿರಿತನ ಹೋಗಬಹುದು ಶಂಕ್ರೆಪ್ಪ ಎಂದರು. ಮನೆಗೆ ಬಂದು ನಿಮ್ಮವ್ವನಿಗೂ ಎಲ್ಲ ಹೇಳಿದೆ. ಆಕೆ ರೊಟ್ಟಿ ತಿರುವಿ ಹಾಕುತ್ತಾ, "ಹಿರೇತನ ಹೋದ್ರ ಹೋಗ್ಲಿ, ಐತವಾರಕ್ಕರೆ ಹೊತ್ತಿಗಿ ಸರಿಯಾಗಿ ಊಟಕ್ಕ ಬರ್ತೀರಿ" ಎಂದಳು. ಮೊದಲೇ ಗೊತ್ತಿತ್ತೇನೋ ಈಕೆಗೆ.

ಆರನೆಯ ಮಾತನ್ನು ಬಿಟ್ಟುಕೊಟ್ಟೆ. ನನಗೆ ಮೊದಲನೆಯದು, ಕ್ಷಮೆಯದು. ನಾಲ್ಕನೆಯದು ನಿನಗೆ. ಹೆದರಿಕೆ ಬಹಳ ಇದೆ. ನನಗಾಗಿ ಪ್ರಾರ್ಥಿಸು, ನಿನ್ನ ಟೆರೇಸಿನ ಪ್ರಾರ್ಥನೆಯಾದರೂ ಸರಿ.

ನಿನ್ನಪ್ಪ


ಸಾನಪಾಡಾ
6 ಏಪ್ರಿಲ್ 2025

ಅಪ್ಪಾ,

ಬರುತ್ತೇನೆ.

ಹೆದರಿಕೆಯಾದರೆ ಎರಡೂ ಕಾಲು ನೆಲಕ್ಕೆ ಊರು. ಇದು ಖಾರಘರದ ವಿದ್ಯೆ, ನಿನಗೆ ಪುಕ್ಕಟೆ ಕೊಡುತ್ತಿದ್ದೇನೆ. ಪ್ರಾರ್ಥನೆ ಮಾಡಿದ್ದೇನೆ. ಈ ಸಲ ಬೈಯಲಿಲ್ಲ.

ನಿನ್ನ ಕಾಂಚು


ಶಹಾಡ್
21 ಏಪ್ರಿಲ್ 2025, ಸೋಮವಾರ

ನನ್ನ ಮಗಳು ಕಾಂಚನಾಗೆ, ಎದ್ದು ಬಂದ ಕರ್ತನ ಹೆಸರಿನಲ್ಲಿ ನಿಮ್ಮಪ್ಪನ ಸಲಾಮು.

ಶುಕ್ರವಾರ ಸಂಜೆಯೇ ನೀನು ಗಾಡಿ ಹತ್ತಿದೆ. ಹೊಸ ಹೊಲಿಗೆ ಘಟಕದಲ್ಲಿ ಶನಿವಾರವೇ ಕೆಲಸ ಶುರು ಎಂದೆ, ತಡೆಯಲಿಲ್ಲ. ಮಾತಾಡಲು ಸಮಯ ಸಿಗಲಿಲ್ಲ. ನಾನು ಏನು ಕಂಡೆ ಎಂದು ನಿನಗೆ ಹೇಳಲೇಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೆರಡು ಗಂಟೆಗೆ ನನ್ನ ಸರದಿ ಬಂದಾಗ ಕಾಲು ಊರಿದೆ. ಹಾಲ್‌ನಲ್ಲಿ ಇನ್ನೂರು ಜನ, ಹಿಂದಿನ ಬಾಗಿಲಲ್ಲಿ ಚಂದವ್ವ ನಿಂತೇ ಇದ್ದಾಳೆ. ಬರೆದುಕೊಂಡು ಹೋದದ್ದನ್ನು ಮಡಚಿಟ್ಟೆ. "ನಾ ಸುಳ್ಳ ಸಾಕ್ಷಿ ಹೇಳೀನಿ. ನನ್ನ ಮಗಳ ಕಡಿಂದನೂ ಹೇಳ್ಸೀನಿ. ಆತ್ಮ ನುಡಿಸ್ಲಿಲ್ಲ. ನಾ ಚಷ್ಮಾ ಕೇಳ್ಲಾಕ ಫೋನ್ ಮಾಡಿದ್ದೆ" ಎಂದೆ. ಯಾರೋ ಕಿಸಕ್ಕೆಂದರು. ಹಿಂದಿನಿಂದ ಚಂದವ್ವ, "ಶಂಕ್ರೆಪ್ಪಣ್ಣ, ಖರೇನೇ ಚಷ್ಮಾನಾ?" ಎಂದು ಎಲ್ಲರೆದುರು ಕೇಳಿದಳು. "ಖರೇನೇ ತಂಗಿ. ದೇವರು ನಿನ್ನ ಕೈಬಿಟ್ಟಿಲ್ಲ. ನಿನ್ನನ್ನ ಕೈಬಿಟ್ಟಂಗ ಮಾಡಿದವ ನಾನು. ತಪ್ಪಾಯ್ತು" ಎಂದು ಕೈಮುಗಿದೆ. ಆಕೆ ಒಳಗೆ ಬಂದು ಕೂತಳು. ಆಗ ನನ್ನ ಎದೆಯಿಂದ ಇಳಿದದ್ದು ಮೂಟೆಯಲ್ಲ, ಇಡೀ ಗೋದಾಮು.

ಈಗ ನಿನ್ನದು. ನೀನು ಎದ್ದಾಗ ನಿನ್ನ ಕೈಯಲ್ಲಿ ಕಾಗದವೂ ಇರಲಿಲ್ಲ. ಶಿಲುಬೆಯ ಮೇಲೆ ಆತನೂ ಯಾಕೆ ಎಂದು ಕೇಳಿದ, ಉತ್ತರ ಬರಲಿಲ್ಲ, ಆದರೂ ನನ್ನ ದೇವರೇ ಎಂದು ಕರೆಯುವುದನ್ನು ಬಿಡಲಿಲ್ಲ, ನನಗೆ ಹಿಡಿದುಕೊಳ್ಳಲು ಅಷ್ಟು ಸಾಕಾಯಿತು ಎಂದೆ. ದಾನೇಶ್ವರಿಯ ಹೆಸರು ಹೇಳಿ ನನ್ನ ಜಾಗದಲ್ಲಿ ಸತ್ತಳು ಎನ್ನುವಷ್ಟರಲ್ಲಿ ಫೋನ್ ಬಡಿಯಿತು. ಅದೂ ಯಾರದು? ಪಾಸ್ಟರ್ ಅಯ್ಯನವರದೇ! ಎಲ್ಲರಿಗೂ ಬಂದ್ ಮಾಡಿ ಎಂದು ಹೇಳಿದವರು ಅವರೇ. ಜುಬ್ಬಾದ ಎರಡೂ ಜೇಬು ತಡಕುತ್ತಾರೆ, ಸಿಗುತ್ತಿಲ್ಲ, ಅದು ನಿಲ್ಲುತ್ತಿಲ್ಲ.

ನಿನ್ನ ಮುಖ ಬೂದಿಯಾಯಿತು. ನಾನು ಎದ್ದೆ. ನಿಮ್ಮವ್ವ ನನ್ನ ಅಂಗಿ ಹಿಡಿದು, "ಕೂಡ್ರಿ. ಅಕಿ ಮಾಡ್ತಾಳ" ಎಂದಳು. ನೀನು ಎರಡೂ ಕೈ ಮೇಜಿಗೆ ಊರಿದೆ. ಕಿಟಕಿ, ಹಾರ್ಮೋನಿಯಮ್, ಶಿಲುಬೆ, ಅವ್ವ, ಚಂದವ್ವ ಕಾಕು ಎಂದು ಎಣಿಸಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು. ಫೋನ್ ಇನ್ನೂ ಬಡಿಯುತ್ತಲೇ ಇತ್ತು. ನೀನು ಅದರ ಮೇಲೆಯೇ ಮಾತು ಮುಂದುವರಿಸಿದೆ. ಅದು ಸೋತು ನಿಂತಿತು, ನೀನು ನಿಲ್ಲಲಿಲ್ಲ. ಆ ಐದು ಹೆಸರುಗಳನ್ನು ಕೇಳಿದಾಗ, ನಾನು ಹೀಯಾಳಿಸಿದ ಆ ಪ್ಲಾಸ್ಟಿಕ್ ಕುರ್ಚಿಗೆ ಮನಸ್ಸಿನಲ್ಲೇ ಕೈಮುಗಿದೆ. ಪ್ರಾರ್ಥನೆಗೆ ಸಿಗುವ ಉತ್ತರ ಯಾವ ಊರಿನ ಗಾಡಿ ಹತ್ತಿ ಬರುತ್ತದೆ ಎಂದು ನಾವು ಹೇಳಲಾರೆವು.

ಇನ್ನು ನಿನಗೆ ಗೊತ್ತಿಲ್ಲದ್ದು. ನಿನ್ನೆ ಈಸ್ಟರ್. ಹಾಡುಗಳು ಮುಗಿದ ಮೇಲೆ ಪಾಸ್ಟರ್ ಅಯ್ಯನವರು, ಯಾರಾದರೂ ಸಾಕ್ಷಿ ಹೇಳುವವರಿದ್ದೀರಾ ಎಂದು ಕೇಳಿದರು. ಶುಕ್ರವಾರದ ಮೇಲೆ ಯಾರಿಗೂ ಧೈರ್ಯವಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದಾಗ ಚಂದವ್ವ ಎದ್ದಳು. ಮೈಕಿನ ಮುಂದೆ ಹೋಗಿ ಸೆರಗು ಸರಿಮಾಡಿಕೊಂಡು, "ನನ್ನ ಮಗಳ ಹೆಸರು ದಾನೇಶ್ವರಿ" ಎಂದಳು. ರಾಯಚೂರಿನಿಂದ ಆರು ತಿಂಗಳ ಕೂಸನ್ನು ಎತ್ತಿಕೊಂಡು ರೈಲಿನಲ್ಲಿ ಬಂದದ್ದು, ಆ ಕೂಸು ಮೊದಲು ಕಲಿತ ಮಾತು ಮರಾಠಿಯ 'ಪಾಣಿ' ಆಗಿದ್ದು, ಮೊದಲ ಪಗಾರಕ್ಕೆ ತಾಯಿಗೆ ಕುಕ್ಕರ್ ತಂದು ಅದರ ಸೀಟಿಗೆ ತಾನೇ ಹೆದರಿ ಹೊರಗೆ ಓಡಿದ್ದು, ಎಲ್ಲವನ್ನೂ ಹೇಳಿದಳು. ಜನ ನಕ್ಕರು, ಆಕೆಯೂ ನಕ್ಕಳು. ಉಳಿದದ್ದು, ತಪ್ಪಿಸಿಕೊಂಡದ್ದು, ಪವಾಡ, ಯಾವುದೂ ಅದರಲ್ಲಿ ಇರಲಿಲ್ಲ. "ಇಪ್ಪತ್ಮೂರು ವರ್ಷ ನಂಗ ಕೊಟ್ಟಿದ್ದ. ಅದು ಸುಳ್ಳಲ್ಲ. ಅದಕ್ಕ ಸ್ತೋತ್ರ. ಉಳದಿದ್ದು ಆತನ್ನೇ ಕೇಳ್ತೀನಿ, ನಂದು ಜಗಳ ಮುಗಿದಿಲ್ಲ" ಎಂದು ಹೇಳಿ ಇಳಿದಳು.

ಕಾಂಚನಾ, ಇಷ್ಟು ವರ್ಷದಲ್ಲಿ ಆ ಹಾಲ್‌ನಲ್ಲಿ ಅಂಥ ಆಮೆನ್ ನಾನು ಕೇಳಿಲ್ಲ. ಹೆಂಗಸರು ಎದ್ದರು, ಗಂಡಸರು ಎದ್ದರು, ನಾನು ಎಲ್ಲರಿಗಿಂತ ಹಿಂದೆ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ. ಮುಂದಿನ ತಿಂಗಳು ನನ್ನನ್ನು ಹಿರಿತನದಿಂದ ಇಳಿಸುತ್ತಾರೋ ಬಿಡುತ್ತಾರೋ ಗೊತ್ತಿಲ್ಲ, ಕೇಳಲೂ ಹೋಗಿಲ್ಲ. ಗೆದ್ದೆವು ಎಂಬ ಮಾತನ್ನು ನಾನು ಬಹಳ ಸಲ ಸುಮ್ಮಸುಮ್ಮನೆ ಕೂಗಿದ್ದೇನೆ. ಇವತ್ತು ಮೊದಲ ಸಲ ಮೆಲ್ಲಗೆ ಬರೆಯುತ್ತಿದ್ದೇನೆ, ಗೆದ್ದೆವು ಮಗಳೇ.

ನಿನ್ನಪ್ಪ